ಲೋಟದ ನೀರು

ಗೊರೂರಿನ ಹಿನ್ನೀರಿಗೆ ಆ ದೋಣಿ ಬಂದದ್ದು ಲಾರಿಯಲ್ಲಿ,
ಗೋವಾದ ಯಾರೋ ಉಂಡು ಬಿಟ್ಟ ಎಲೆ.
ಎಂಟು ಸಿಲಿಂಡರು, ಮೂವತ್ತೈದು ವರ್ಷ,
ಹಿಂಬದಿಯಲ್ಲಿ ಎರಡು ಕೊಳವೆ, ಎರಡೂ ನೀರಿನ ಮೇಲೆ
ಬಾಯಿ ಬಿಟ್ಟುಕೊಂಡು.

ಮೊದಲ ದಿನ ಚಾವಿ ತಿರುಗಿಸಿದಾಗ
ಆಚೆ ದಡದ ಎಮ್ಮೆ ಹಗ್ಗ ಕಿತ್ತಿತು.
ತೆಪ್ಪದಲ್ಲಿದ್ದ ಬೆಸ್ತರ ಸಣ್ಣತಾಯಿ
ಖಾಲಿ ಬಲೆ ಹೆಗಲಿಗೆ ಹಾಕಿ ಬಂದವಳೇ
"ಮೀನಿಗೂ ಕಿವಿ ಐತೆ ಸ್ವಾಮಿ" ಅಂದಳು.
ಓನರು ಹುಡುಗ ಪ್ರಫುಲ್ಲ ನಗುತ್ತಲೇ "ಏನು?" ಅಂದ.
ಅವನಿಗೆ ಕೇಳಿಸಿರಲಿಲ್ಲ.

ಹಾಗೆ ನನ್ನನ್ನು ಕರೆಸಿದರು.
ಇನ್ನಾಸಪ್ಪ ನಾನು, ಹಾಸನ ಡಿಪೋದಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಹೊಟ್ಟೆಯಡಿ ಮಲಗಿ ಎದ್ದವನು.
ಎಡಗಿವಿ ನನಗಿಂತ ಮೊದಲೇ ನಿವೃತ್ತಿಯಾಯಿತು,
ಬಲಗಿವಿ ಈಗ ಅರ್ಧ ಸಂಬಳದಲ್ಲಿದೆ.
ಸದ್ದಡಗಿಸಲು ಕಿವುಡನೇ ಬೇಕಾಗಿತ್ತೇ ಅಂತ
ಟೀ ಅಂಗಡಿಯಲ್ಲಿ ನಕ್ಕರಂತೆ.
ಹೆಂಡತಿ ಹೇಳಿದಳು, ಎರಡು ಸಲ.

ಎಂಜಿನ್ ಪೆಟ್ಟಿಗೆಯ ಮೇಲೆ ಸ್ಟೀಲ್ ಲೋಟ ಇಟ್ಟೆ,
ಕಂಠಪೂರ್ತಿ ನೀರು.
ಶುರು ಮಾಡಪ್ಪಾ ಅಂದೆ.
ನೀರು ಎಗರಿ ನನ್ನ ಅಂಗಿಗೆ ಬಿತ್ತು.
ಅದೇ ಸದ್ದು. ನನಗೆ ಗೊತ್ತಿರುವ ಸದ್ದು.

ಅಂಗೈ ಇಟ್ಟು ಹುಡುಕಿದೆ,
ಗಬ್ಬದ ಹಸುವಿನ ಪಕ್ಕೆಯಲ್ಲಿ ಕರು ಹುಡುಕುವ ಹಾಗೆ.
ಎಂಜಿನ್ ಕೂತ ರಬ್ಬರು ಕಲ್ಲಾಗಿತ್ತು.
ಪೆಟ್ಟಿಗೆಯೊಳಗಿನ ಸ್ಪಂಜಿನಲ್ಲಿ
ಇಲಿ ಬಾಣಂತನ ಮುಗಿಸಿ ಹೋಗಿತ್ತು.
ಮುಚ್ಚಳಕ್ಕೆ ಒಂದು ಬೋಲ್ಟೇ ಇರಲಿಲ್ಲ;
ಬೆರಳು ತೂರುವ ಆ ತೂತಿನಿಂದ
ಒಂದು ಇಡೀ ಜಾತ್ರೆ ಹೊರಗೆ ಬರುತ್ತಿತ್ತು.

ತೆಂಗಿನ ನಾರು ತುರುಕೋಣ ಅಂದ ಪ್ರಫುಲ್ಲ.
ಪೆಟ್ರೋಲಿನ ಪಕ್ಕ ನಾರೇ?
ನೀರಿನ ನಡುವೆ ಸೌದೆ ಒಟ್ಟುತ್ತೀಯೇನೋ, ಅಂತ ಬೈದೆ.
ಕಾಫಿ ಕ್ಯೂರಿಂಗಿನ ಗುಜರಿಯಲ್ಲಿ ಬೆಲ್ಟು ಸಿಕ್ಕಿತು,
ಬೆರಳು ದಪ್ಪ, ಎಷ್ಟೋ ಕೊಯ್ಲಿನ ಬೀಜ ಹೊತ್ತು
ಮೆತ್ತಗಾದದ್ದು.
ಅದನ್ನು ಹಾಸಿ ಮೇಲೆ ತಗಡಿನ ಅಂಗಿ ತೊಡಿಸಿದೆ.
ಸೈಲೆನ್ಸರು ಮಾತ್ರ ಹೊಸದು, ಕೊಚ್ಚಿಯಿಂದ,
ಬಿಸಿ ಹೊಗೆಗೆ ನೀರು ಕುಡಿಸಿ ಕಳಿಸುವಂಥದು.

ಕೊಳವೆಗಳ ಬಾಯಿ ಕೆಳಕ್ಕೆ ಬಗ್ಗಿಸಿದೆ.
ಪೂರಾ ಮುಳುಗಿಸಲಿಲ್ಲ.
ಉಸಿರು ಕಟ್ಟಿದರೆ ಎಂಜಿನ್ನಿಗೂ ಎದೆ ಒಡೆಯುತ್ತದೆ.
ಇದೇ ನೀರಿಗೆ ಊರು ಕೊಟ್ಟ ಮೇಲೆ
ನಮ್ಮಪ್ಪ ಒಂದು ಬೈಗುಳವನ್ನೂ ಆಡಲಿಲ್ಲ,
ಪರಿಹಾರದ ಸಾಲಿನಲ್ಲಿ ಹಾಗೇ ಕುಕ್ಕರಿಸಿದ.

ಹತ್ತನೆಯ ಬೆಳಗ್ಗೆ ಮತ್ತೆ ಲೋಟ.
ನಡುವೆ ಒಂದು ಸಣ್ಣ ಬಳೆ ಎದ್ದು
ಅಂಚಿನವರೆಗೆ ಬಂದು, ಯೋಚಿಸಿ, ಅಲ್ಲೇ ನಿಂತಿತು.
ಪೂರ್ತಿ ಹೋಗಿಲ್ಲ ಮೇಸ್ತ್ರಿ, ಅಂದರು;
ಮೊದಲು ಕಲ್ಲು ಕ್ವಾರಿ,
ಈಗ ರಾತ್ರಿ ಬಸ್ಸಿನ ಮುಂದಿನ ಸೀಟು.

ಮಧ್ಯಾಹ್ನ ಅರಸೀಕೆರೆಯ ಹುಡುಗಿ ರೆಹಾನಾ
ಹಗ್ಗ ಜಾರಿ ನೀರಿಗೆ ಬಿದ್ದಳು.
"ನಿಲ್ಲಿಸಿ!" ಅಂದದ್ದು ದೋಣಿಗೆ ಕೇಳಿಸಿತು.
ಮೊದಲೆಲ್ಲ ಬಿದ್ದವರು ಕೈ ಎತ್ತಿಕೊಂಡೇ ಇರಬೇಕಿತ್ತು.

ಸಂಜೆ ಪ್ರಫುಲ್ಲ ಮುಖ ಸಣ್ಣದು ಮಾಡಿಕೊಂಡು ಬಂದ:
ಇನ್ನಾಸಣ್ಣ, ಹೊಸದಾಗಿ ಟಕ್ ಟಕ್ ಅಂತಿದೆ, ಕೆಳಗೆಲ್ಲೋ.
ಅಂಗೈ ಇಟ್ಟು ನೋಡಿದೆ. ಶಾಫ್ಟಿನ ಬೇರಿಂಗು.
ಹೊಸದಲ್ಲ ಮಗಾ. ಗೋವಾದಿಂದಲೇ ಬಂದಿದೆ.
ಇಷ್ಟು ದಿನ ಪಾಪ, ಅದರ ಸರದಿ ಬಂದಿರಲಿಲ್ಲ.

ಬೇರಿಂಗು ಸೋಮವಾರ ನೋಡೋಣ ಅಂತ
ಕೈ ಒರೆಸಿಕೊಳ್ಳುವಾಗ ಸಣ್ಣತಾಯಿ ಬಂದಳು,
ಎಡಗಡೆಯಿಂದ. ಏನೋ ಅಂದಳು.
ನಾನು ತಿರುಗುವ ಮೊದಲೇ ಮಾತು ಮುಗಿದಿತ್ತು.
ಕೈ ಚಾಚು ಅಂತ ಸನ್ನೆ ಮಾಡಿ
ಎರಡು ಜಿಲೇಬಿ ಮೀನು ಇಟ್ಟಳು.
ಇನ್ನೂ ಬಡಿಯುತ್ತಿದ್ದವು,
ಅಂಗೈ ತುಂಬ.