ಕೈಗುಣ

ಒಳ್ಳೆಯ ಕೈಗುಣ ಎನ್ನುತ್ತಾರೆ ನನ್ನದು, ಅಸ್ಮಾರಾದಲ್ಲಿ.
ಇಪ್ಪತ್ತೆರಡು ವರ್ಷ, ಹೆರಿಗೆ ವಾರ್ಡಿನ ರಾತ್ರಿ ಪಾಳಿ.
ಜಾರುವ ತಲೆ, ಜಾರುವ ಭುಜ, ಆಮೇಲೆ
ಮೀನಿನ ಹಾಗೆ ಒಮ್ಮೆಲೇ ಬಂದುಬಿಡುವ ಮಿಕ್ಕ ಮೈ.
ಹಿಡಿ, ಬಿಡಬೇಡ:
ಇಷ್ಟೇ ನಾನು ಓದಿದ ಶಾಸ್ತ್ರ.

ಬೆಳಗಿನ ಆರಕ್ಕೆ ಸೈಕಲ್ ಹತ್ತಿದರೆ
ಸಮುದ್ರದ ಕಡೆಯಿಂದ ಕಣಿವೆ ಏರಿ ಬಂದ ಮಂಜು
ತಾಳೆಮರಗಳ ಸೊಂಟದವರೆಗೆ.
ಹ್ಯಾಂಡಲ್ ಹಿಡಿದ ಬೆರಳು ಹ್ಯಾಂಡಲಿಗಿಂತ ತಣ್ಣಗೆ.
ಆಗ ಪಕ್ಕದಲ್ಲೇ ಸುಯ್ಯೆಂದು ದಾಟುತ್ತಾನೆ ಸಿರಾಕ್,
ಬೇಕರಿ ಹುಡುಗ, ಹನ್ನೊಂದು ವರ್ಷ,
ಎರಡೂ ಕೈ ಜೇಬಿನಲ್ಲಿ,
ಬಾಯಲ್ಲಿ ಕದ್ದ ಬ್ರೆಡ್ಡಿನ ತುದಿ.
ಇವನೂ ನನ್ನ ಕೈಗೆ ಬಂದವನೇ, ಕಾಲು ಮುಂದಾಗಿ,
ಇಡೀ ವಾರ್ಡನ್ನು ಹೆದರಿಸಿ.

"ನನಗೂ ಕಲಿಸುತ್ತೀಯಾ?" ಎಂದೆ.
ತಿರುಗಿ ನೋಡಿದ. ನಗಲಿಲ್ಲ.
ಅದೇ ದೊಡ್ಡ ಉಪಕಾರ.

ಪಾಠ ಸ್ಟೇಡಿಯಮ್ಮಿನ ಹಿಂದಿನ ರಸ್ತೆಯಲ್ಲಿ, ಭಾನುವಾರ,
ಊರೆಲ್ಲ ಬಿಳಿ ನೆತ್ಸೆಲಾ ಹೊದ್ದು ಚರ್ಚಿನಲ್ಲಿ ನಿಂತಿರುವ ಹೊತ್ತು.
"ಚಕ್ರ ನೋಡಬೇಡಿ, ದೂರ ನೋಡಿ.
ನಿಧಾನ ಮಾಡಿದರೆ ಬೀಳುತ್ತೀರಿ.
ಹೆದರಿಕೆಯಾದರೆ ಇನ್ನೂ ಜೋರು ತುಳಿಯಿರಿ."
ಇಂಥದ್ದನ್ನೇ ನಾನೂ ಹೇಳುತ್ತೇನೆ ದಿನಾ ರಾತ್ರಿ,
ಮಂಚದ ಸರಳು ಹಿಡಿದು ಕೂಗುವವರಿಗೆ.
ಕೇಳುವವರಿಗೆ ಹೇಗಿರುತ್ತದೆಂದು
ಈಗ ಗೊತ್ತಾಯಿತು.

ಒಂದು ಬೆರಳು ಎತ್ತಿದೆ. ನಾಲ್ಕು. ಎಂಟು.
ಹತ್ತೂ ಎತ್ತಿದ ಕೂಡಲೇ
ಮುಂದಿನ ಚಕ್ರ ಕುಡುಕನ ಕತ್ತಾಯಿತು.
ನೆತ್ಸೆಲಾದ ತುದಿ ಚೈನಿಗೆ ಸಿಕ್ಕಿ, ನಾನು ನೆಲಕ್ಕೆ,
ಮಂಡಿಯಲ್ಲಿ ಕೆಂಪು, ಸೆರಗಿನಲ್ಲಿ ಗ್ರೀಸು.
ಎದುರು ಮನೆಯ ಮೆಟ್ಟಿಲ ಮೇಲೆ ಕಾಫಿಬೀಜ ಹುರಿಯುತ್ತಿದ್ದ
ಮುದುಕಿ ತಬ್ಲೆತ್ಸ್ ಬಾಣಲೆ ಇಳಿಸದೆಯೇ ಕೂಗಿದಳು:
"ಸೂಲಗಿತ್ತೀ, ಕೈ ಮುರಿದುಕೊಂಡರೆ
ನನ್ನ ಸೊಸೆಯ ಗತಿಯೇನೇ!"
ಸಿರಾಕ್ ಚೈನು ಕೂರಿಸುತ್ತ, ತಲೆ ಎತ್ತದೆ:
"ಕೈ ಬಿಟ್ಟಿರಿ, ಸರಿ. ಮೈ ಬಿಡಲಿಲ್ಲ."

ನಾಲ್ಕು ಭಾನುವಾರ ಹೀಗೆಯೇ.
ಮೂರು ತುಳಿತ, ಆರು ತುಳಿತ, ಒಮ್ಮೆ ಹನ್ನೊಂದು,
ಮತ್ತೆ ಮೂರು.

ಆಮೇಲೆ ಒಂದು ಗುರುವಾರ.
ಆ ರಾತ್ರಿಯದನ್ನು ಹೇಳುವುದಿಲ್ಲ.
ತಾಯಿಯ ಹೆಸರು ನೆನಪಿದೆ, ಅದನ್ನೂ ಹೇಳುವುದಿಲ್ಲ.
ಹಿಡಿದಿದ್ದೆ. ಸರಿಯಾಗಿಯೇ ಹಿಡಿದಿದ್ದೆ.
ಅಳು ಬರಲಿ ಎಂದು ಎಲ್ಲರೂ ಸುಮ್ಮನೆ ನಿಂತೆವು,
ಗೋಡೆಗಡಿಯಾರ ಮಾತ್ರ ನಿಲ್ಲಲಿಲ್ಲ.
ಕೈ ತೊಳೆದೆ. ಒರೆಸಿ ಮತ್ತೆ ತೊಳೆದೆ.
ನರ್ಸು ನಲ್ಲಿ ನಿಲ್ಲಿಸಿದಳು.

ಸೈಕಲ್ ಹತ್ತಿದ್ದು ನೆನಪು.
ಮುಚ್ಚಿದ ಸಿನೆಮಾ, ಸ್ಟೂಲು ಇಳಿಸುತ್ತಿದ್ದ ಕಾಫಿ ಬಾರು,
ಒದ್ದೆ ರಸ್ತೆ ತೊಳೆದ ಹಾಗೆ. ದೂರ ನೋಡುತ್ತಿದ್ದೆ,
ದೂರದಲ್ಲಿ ಏನೂ ಇರಲಿಲ್ಲ.
ಕಂಬವಿಲ್ಲದೆ ಕಾಂಕ್ರೀಟ್ ರೆಕ್ಕೆ ಚಾಚಿ ನಿಂತ
ಆ ಹಳೆಯ ಪೆಟ್ರೋಲ್ ಬಂಕಿನ ಹತ್ತಿರ ಬಂದಾಗ
ಬೆರಳು ಬೆಚ್ಚಗಿದೆ ಅನ್ನಿಸಿತು. ನೋಡಿದೆ:
ಎರಡೂ ಕೈ ಕಂಕುಳಲ್ಲಿ.
ಎಲ್ಲಿಂದ? ಯಾವ ತಿರುವಿನಿಂದ?
ಸೈಕಲ್ ಅದರ ಪಾಡಿಗೆ ಹೋಗುತ್ತಿತ್ತು,
ನನ್ನನ್ನು ಕೇಳದೆ, ನನ್ನನ್ನು ಹೊತ್ತು.

ಕೈ ಹೊರಗೆ ತೆಗೆದೆ. ಏನು ಮಾಡಬೇಕೋ ತಿಳಿಯಲಿಲ್ಲ.
ಜಾರಿದ್ದ ನೆತ್ಸೆಲಾ ಎಳೆದು ಹೊದ್ದೆ.
ಮೂಗು ಒರೆಸಿದೆ.
ಮಡಿಲಿನ ಮೇಲೆ ಇಟ್ಟುಕೊಂಡೆ ಸ್ವಲ್ಪ ಹೊತ್ತು,
ಡೆಟ್ಟಾಲ್ ವಾಸನೆಯ ಇಬ್ಬರು ನೆಂಟರನ್ನು ಕೂರಿಸಿದ ಹಾಗೆ.

ಆಗಲೇ ಮಂಜಿನಿಂದ ಹೊರಬಿತ್ತು ಯಾರದೋ ಮೇಕೆ,
ರಸ್ತೆ ನಡುವೆ ನಿಂತು ರಟ್ಟು ಅಗಿಯುತ್ತ.
ಬೆಲ್ಲು ಇರುವುದು ಹ್ಯಾಂಡಲಿನಲ್ಲಿ. ಬಗ್ಗಿ ಹಿಡಿಯಲು
ಮನಸ್ಸಾಗಲಿಲ್ಲ.
ನಲವತ್ತನಾಲ್ಕರ ಹೆಂಗಸು, ಊರು ಏಳುವ ಮೊದಲು,
ಬಾಯಲ್ಲೇ ಕೂಗಿದೆ: "ಟ್ರಿಣ್! ಟ್ರಿಣ್!"

ಮೇಕೆ ತಲೆ ಎತ್ತಿತು.
ನನ್ನನ್ನು ಪೂರ್ತಿ ನೋಡಿ ಮುಗಿಸಿ
ಆಮೇಲೆ ದಾರಿ ಬಿಟ್ಟಿತು.