ಏಳನೆಯ ಟ್ಯಾಬ್

ಕುತೈಸಿಯಲ್ಲಿ ನನ್ನ ಮೇಜಿನ ಮೇಲೆ ಎರಡು ಪರದೆ,
ಒಂದೊಂದೂ ಕಿಟಕಿಯಷ್ಟು ಅಗಲ.
ಆ ಧಾರಾಳದಲ್ಲಿ ಕೂತು ನದಿ ಅಳೆಯುವವರಿಗೆ
ಒಂದು ಫಾರಂ ಬರೆದೆ:
ನೀರಿನ ಮಟ್ಟ, ಗಂಟೆ, ಕೆಸರು, ಹಿಮ, ಗಾಳಿ,
ಕೆಳಗೆ ಷರಾ ಬರೆಯಲು ದೊಡ್ಡದೊಂದು ಚೌಕ,
ಎಲ್ಲದರ ತಳದಲ್ಲಿ ಸಾಲಾಗಿ
'ಅಳಿಸು', 'ಉಳಿಸು', 'ಮುಚ್ಚು'.
ಉಳಿಸು ಮಾತ್ರ ಹಸಿರು.
ಆ ಹಸಿರು ಆರಿಸಲು ಒಂದು ಮಧ್ಯಾಹ್ನ ಹಿಡಿಯಿತು.
ಚೆನ್ನಾಗಿದೆ ಅಂದರು. ಚಹಾ ಕುಡಿದೆವು.

ಉಶ್ಗುಲಿಯ ಹತ್ತಿರ, ಇಂಗುರಿ ಇನ್ನೂ ಹೊಳೆಯಾಗಿರುವ ಕಡೆ,
ಮುರ್ಜಾಕಾನನ ಹತ್ತಿರ ಇದ್ದದ್ದು
ಯಾರೋ ಕೊಟ್ಟುಹೋದ ಏಳಂಗುಲದ ಲ್ಯಾಪ್‌ಟಾಪ್.
ಅಡ್ಡಕ್ಕೆ ಎಂಟುನೂರು ಚುಕ್ಕಿ, ಎತ್ತರಕ್ಕೆ ನಾನೂರ ಎಂಬತ್ತು.
ನನ್ನ ಫಾರಂ ಆರುನೂರ ಹನ್ನೆರಡು.
ಹಾಸಿಗೆಗಿಂತ ಕಾಲೇ ಉದ್ದ.
ಉಳಿದ ನೂರ ಮೂವತ್ತೆರಡು ಚುಕ್ಕಿ
ಅಂಚಿನಾಚೆ, ಯಾರಿಗೂ ಕಾಣದೆ,
ನನ್ನ ಹಸಿರನ್ನೂ ಕಟ್ಟಿಕೊಂಡು ನೇತಾಡುತ್ತಿದ್ದವು.

ನನಗೆ ಹೇಗೆ ಗೊತ್ತಾಗಬೇಕು?
ದಿನಕ್ಕೆರಡು ಸಲ ಅವನ ಅಂಕಿ ಬರುತ್ತಲೇ ಇತ್ತು
ಮೂರು ಚಳಿಗಾಲ.

ಮೇ ತಿಂಗಳಲ್ಲಿ ಹೋದೆ, ಅಳತೆಗೋಲು ಬದಲಿಸಲು.
ಸಂಜೆ ಅವನು ಒದ್ದೆ ಬೂಟು ಬಿಚ್ಚಿ,
ಒಲೆಯ ಪಕ್ಕ ಕೂತು ಮಟ್ಟ ಬರೆದ.
ಟ್ಯಾಬ್. ಗಂಟೆ. ಟ್ಯಾಬ್. ಕೆಸರು.
ಹಿಮಕ್ಕೊಂದು, ಗಾಳಿಗೊಂದು; ನಾಲ್ಕಾಯಿತು.
ಆಮೇಲೆ ಪರದೆ ಬಿಟ್ಟು ಬಾಗಿಲ ಕಡೆ ನೋಡುತ್ತ
ಐದು, ಆರು, ಏಳು,
ಬಾಯಲ್ಲೇ ಎಣಿಸಿ
ಎಂಟರ್ ಒತ್ತಿದ.

ಏನು ಮಾಡಿದೆ ಅಂದೆ.
ಕಳಿಸಿದೆ.
ಗುಂಡಿ ಎಲ್ಲಿ?
ಗುಂಡಿ ಬೇರೆ ಇದೆಯಾ, ಅಂದ.
ಮೊದಲ ರಾತ್ರಿ ಹುಡುಕಿದನಂತೆ:
ಐದಕ್ಕೆ ಏನೂ ಆಗಲಿಲ್ಲ,
ಆರಕ್ಕೆ ಅಂಕಿಯೆಲ್ಲ ಅಳಿಸಿಹೋಯಿತು,
ಎಂಟಕ್ಕೆ ಮುಚ್ಚಿಕೊಂಡಿತು.
ಏಳಕ್ಕೆ ಹೋಯಿತು.
ಇಷ್ಟು ಹೇಳಿ ನನಗೆ ಆಲೂಗಡ್ಡೆ ಬಡಿಸಿದ.
ದೂರು ಅನ್ನುವುದು ಅವನ ದನಿಯಲ್ಲಿ ಇರಲೇ ಇಲ್ಲ.
ಅವನ ಮನೆಗಂಟಿದ ಗೋಪುರಕ್ಕೆ
ಗೇಣಗಲದ ಒಂದು ಕಿಂಡಿ.
ಅದರಲ್ಲಿ ಇಣುಕಿ ನೋಡಿದೆ: ಸೇತುವೆ, ದಾರಿ,
ದಾರಿಯಲ್ಲಿ ಬರುವವರು.
ಕಟ್ಟಿದವನಿಗೆ ಗೊತ್ತಿತ್ತು ಏನನ್ನು ಬಿಡಬೇಕೆಂದು.

ಕುತೈಸಿಗೆ ಬಂದು ಕತ್ತರಿ ಹಿಡಿದೆ.
ಅಂಚು ಹೋಯಿತು, ನೆರಳು ಹೋಯಿತು,
ಇಲಾಖೆಯ ಲಾಂಛನ ಹೋಯಿತು,
ಬಾದ್ರಿ ಎರಡು ದಿನ ನನ್ನೊಡನೆ ಮಾತು ಬಿಟ್ಟ.
ಅಕ್ಷರ ಕುಗ್ಗಿಸಿದರೆ ಇನ್ನೊಂದು ಕಾಟ:
ನಮ್ಮ ಲಿಪಿಯಲ್ಲಿ ವಿನ್‌ಗೂ ಕಾನ್‌ಗೂ ಒಂದೇ ಎಳೆಯ ಅಂತರ,
ಎಂಟು ಚುಕ್ಕಿಯ ಎತ್ತರದಲ್ಲಿ ಆ ಎಳೆ ಸಾಯುತ್ತದೆ.
ಒಂಬತ್ತಕ್ಕೆ ಏರಿಸಿ, ಆ ಒಂದನ್ನು
ಷರಾದ ಚೌಕದಿಂದ ಕಿತ್ತು ತಂದೆ.
ಕೊನೆಗೆ ನಾನೂರ ಅರವತ್ತಾರು!
ಉಳಿಸು ಈಗ ಮೇಲೆ, ಮಟ್ಟದ ಪಕ್ಕದಲ್ಲೇ,
ಕುರುಡನೂ ಎಡವುವಂತೆ.

ಬಿಡುಗಡೆಯ ಹಿಂದಿನ ರಾತ್ರಿ
ಸಂತೆಯಲ್ಲಿ ಕೊಂಡ ಅಂಥದೇ ಪುಟ್ಟ ಲ್ಯಾಪ್‌ಟಾಪ್ ತೆರೆದು
ಬಾಗಿಲ ಕಡೆ ನೋಡುತ್ತ ಎಣಿಸಿದೆ.
ಐದು, ಆರು, ಏಳು, ಎಂಟರ್.
ತಿರುಗಿ ನೋಡಿದರೆ ಫಾರಂ ಖಾಲಿ.
ನನ್ನ ಹೊಸ ಸಾಲಿನಲ್ಲಿ ಏಳನೆಯದು 'ಅಳಿಸು'.

ಬೆವರು ಒರೆಸಿಕೊಂಡು ಕೂತೆ.
ಕಣ್ಣಿಗೊಂದು ದಾರಿ, ಬೆರಳಿಗೊಂದು ದಾರಿ:
ಗುಂಡಿಯನ್ನು ಮೇಲೆಯೇ ಬಿಟ್ಟು
ಎಣಿಕೆಯನ್ನು ಹಳೆಯದಕ್ಕೇ ತಿರುಗಿಸಿದೆ.
ಇದಕ್ಕೆ ತರ್ಕವಿಲ್ಲ ಅಂದ ನುಗ್ಜಾರ್, ಕೋಡ್ ಓದಿ.
ಇಲ್ಲ, ಅಂದೆ. ಆ ಸಾಲಿನ ಮೇಲೆ ಬರೆದಿಟ್ಟೆ:
'ಈ ಏಳನ್ನು ಮುಟ್ಟಬೇಡಿ.
ಇಲ್ಲಿ ಒಬ್ಬ ಕತ್ತಲಲ್ಲಿ ನಡೆಯುತ್ತಾನೆ.'

ಬೆಳಗ್ಗೆ ಆರು ಹತ್ತಕ್ಕೆ ಅಂಕಿ ಬಂತು.
ಮಟ್ಟ ತೊಂಬತ್ತನಾಲ್ಕು. ಕೆಸರು ಇದೆ. ಹಿಮ ಇಲ್ಲ.
ಮೂರು ವರ್ಷ ಖಾಲಿಯಿದ್ದ ಷರಾದ ಚೌಕದಲ್ಲಿ,
ಅದೂ ಅವನಿಗೆ ಇವತ್ತೇ ಕಂಡಿರಬೇಕು,
ಒಂದೂವರೆ ಸಾಲು:
'ಗುಂಡಿ ನೋಡಿದೆ. ಹಸಿರು ಅಂತ ಅಂದುಕೊಂಡಿರಲಿಲ್ಲ.
ನೀರು ಏರುತ್ತಿದೆ.'