ಬ್ಯಾರೆ ಲೋಟ

ರಾಯಚೂರಿನಿಂದ ತರಿಸಿದವಳು ನಾನೇ,
ಹೆಬ್ಬೆರಳೆತ್ತರದ ಗಾಜಿನ ಲೋಟ, ನಾಲ್ಕು ಡಜನ್.
ತಾಲೂಕು ಆಸ್ಪತ್ರೆಯ ನರ್ಸು ನಾನು.
ಆ ಎರಡು ವರ್ಷ ಸಿಂಧನೂರಿನಲ್ಲಿ
ಎಷ್ಟು ಮುಖಗಳ ಮೇಲೆ ಬಟ್ಟೆ ಎಳೆದೆನೋ, ಲೆಕ್ಕ ಇಟ್ಟಿಲ್ಲ.
ಸಭೆಯ ಕಮಿಟಿಯಲ್ಲಿ ಎದ್ದು ನಿಂತು ಹೇಳಿದೆ:
ಒಂದೇ ಪಾತ್ರೆಗೆ ಐವತ್ತು ಬಾಯಿ ಇನ್ನು ಬೇಡ.
ಯಾರೂ ಎದುರಾಡಲಿಲ್ಲ. ದೇವಪುತ್ರ ಅಯ್ಯನವರು
ಹೊಳಪು ಹೋದ ಹಳೆಯ ಪಾತ್ರೆಯನ್ನು
ಕಾಣಿಕೆ ಚೀಲದಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ತಿಂಗಳ ಮೊದಲ ಭಾನುವಾರ.
ತಟ್ಟೆ ಸಾಲಿನಿಂದ ಸಾಲಿಗೆ ಬಂತು, ಲೋಟಗಳು ಕಿಣಿಕಿಣಿ ಅಂದವು.
ರೊಟ್ಟಿಯ ತುಣುಕು ತಗೊಂಡಳು ನಮ್ಮಜ್ಜಿ ಸುವಾರ್ತಮ್ಮ,
ಕಣ್ಣು ಮುಚ್ಚಿ, ಹಲ್ಲಿಲ್ಲದ ಬಾಯಲ್ಲಿ
ನೆನೆಸಿ ನೆನೆಸಿ ತಿಂದಳು.
ಲೋಟ ಬಂದಾಗ ಕಣ್ಣು ತೆರೆದಳು.
"ಏನಿದು?"
"ನಿಂದು ಅಜ್ಜಿ. ಒಬ್ಬೊಬ್ರಿಗೆ ಒಂದೊಂದು."
"ಬ್ಯಾರೆ ಲೋಟ ಏನು?" ಅಂದಳು, ಸಭೆಗೆಲ್ಲ ಕೇಳುವಂತೆ.
"ಬ್ಯಾರೆ ಲೋಟದಾಗ ಭಾಳ ಕುಡದೀನಿ. ಸಾಕು."

ಅವಳು ಹೇಳಿದವಳಲ್ಲ; ಅಮ್ಮ ಹೇಳಿದ್ದು.
ನಾಟಿ ಹಚ್ಚಿ ಬಂದ ಮಧ್ಯಾಹ್ನಗಳಲ್ಲಿ
ಕಾಲುವೆ ಪಕ್ಕದ ಹೋಟೆಲಿನ ಹಿಂದಿನ ಗೋಡೆ,
ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಬೋರಲು ಲೋಟ.
ಜೇಡನ ಬಲೆ ತೆಗೆದು ತಾನೇ ತೊಳೆದು ಹಿಡಿಯಬೇಕು.
ಚಹಾ ಮೊಳದೆತ್ತರದಿಂದ ಬೀಳುತ್ತಿತ್ತು,
ಬಿಸಿಯೆಲ್ಲ ಮುಂಗೈ ಮೇಲೆ.

ಪಾತ್ರೆಯೇ ತುಟಿಯವರೆಗೆ ನಡೆದು ಬಂದದ್ದು
ಈ ತಗಡಿನ ಚಾವಣಿಯ ಕೆಳಗೆ.
ಹಾಗಂತ ಇಲ್ಲೇನೂ ಸಲೀಸಿರಲಿಲ್ಲ.
ನಮ್ಮಲ್ಲೂ ಆ ಓಣಿ, ಈ ಓಣಿ.
ಆ ಓಣಿಯವರು ಮುಂದಿನ ಚಾಪೆಗೆ ನುಗ್ಗುತ್ತಿದ್ದರು,
ನಮ್ಮ ತುಟಿ ತಾಗುವ ಮುಂಚೆ ಕುಡಿದು ಎದ್ದುಬಿಡಲು.
ಆಗಿನ ಅಯ್ಯನವರು ಒಂದು ದಿನ, ಏನೂ ಹೇಳದೆ,
ಹಿಂದಿನ ಚಾಪೆಯಿಂದ ಶುರು ಮಾಡಿದರಂತೆ.
ಅಜ್ಜಿಯದು ಮೊದಲ ಗುಟುಕು.
ಬಿಳಿ ಬಟ್ಟೆಯಿಂದ ಅಂಚು ಒರೆಸಿ,
ಪಾತ್ರೆಯನ್ನು ಒಂದು ಬೆರಳು ತಿರುಗಿಸಿ, ಪಕ್ಕದವಳಿಗೆ.
ಮುಂದಿನ ಚಾಪೆಯಿಂದ ಮೂವರು ಎದ್ದು ಹೋದರು.
ಉಳಿದವರು ಕುಡಿದರು.
ಆ ಒಂದು ಬೆರಳಗಲದಲ್ಲಿ ಅವಳ ಇಡೀ ವಿಶ್ವಾಸ ಇತ್ತು ಅಂತ
ನರ್ಸಿಂಗ್ ಪುಸ್ತಕದಲ್ಲಿ ನಾನು ಎಲ್ಲಿ ಓದಲಿ?

ಆದರೂ ನಾನು ಹೇಳಿದ್ದು ತಪ್ಪಲ್ಲ. ಈಗಲೂ ಅಲ್ಲ.
ಕೆಮ್ಮು ಕೂಡ ಯಾವ ಓಣಿ ಅಂತ ಕೇಳುವುದಿಲ್ಲ.

ಆರಾಧನೆ ಮುಗಿದ ಮೇಲೆ ಹಿಂದಿನ ಖೋಲಿಯಲ್ಲಿ
ಲೋಟ ತೊಳೆಯಲು ಕೂತೆ. ನಲವತ್ತೊಂದು.
ಒಂದೊಂದರ ತಳದಲ್ಲೂ ಒಂದೆರಡು ಹನಿ,
ಕುಷ್ಟಗಿ ದ್ರಾಕ್ಷಿ, ನಾನೇ ಕುದಿಸಿ ಸೋಸಿದ್ದು.
ಬಚ್ಚಲಿಗೆ ಚೆಲ್ಲುವ ಹಾಗಿಲ್ಲ.
ಸ್ಟೀಲ್ ಬಟ್ಟಲಿಗೆ ಬಗ್ಗಿಸುತ್ತಾ ಹೋದೆ:
ಟ್ರ್ಯಾಕ್ಟರ್ ನತಾನಿಯೇಲನದು,
ಎಲೆಯಡಿಕೆ ಘಮದ್ದು ರಾಹೇಲಮ್ಮನದೇ ಇರಬೇಕು,
ಮೊನ್ನೆ ದೀಕ್ಷಾಸ್ನಾನವಾದ ಹುಡುಗ ಅಂಚಿನಲ್ಲಿ ಹಲ್ಲು ಊರಿದ್ದ,
ಎದ್ದು ಹೋದ ಮೂವರಲ್ಲಿ ಒಬ್ಬನ ಮೊಮ್ಮಗಳದೂ ಇತ್ತು.
ಬಟ್ಟಲಿನಲ್ಲಿ ಯಾವುದು ಯಾರದೆಂದು ತಿಳಿಯಲಿಲ್ಲ.

ಬಾಗಿಲಲ್ಲಿ ಅಜ್ಜಿ, ಗೋಡೆ ಹಿಡಿದು.
"ಏನದು?"
"ಎಲ್ಲರ ಎಂಜಲು," ಅಂದೆ, ಸಿಟ್ಟಿನಿಂದಲೇ.
"ಹಾಂ. ಅದು ಕೊಡು."
"ರೋಗ ಇರ್ತದ ಅಜ್ಜಿ."
"ಇರ್ಲಿ. ಯೂದಗೂ ಅವ ಅದೇ ಪಾತ್ರಿ ಕೊಟ್ಟ.
ಬ್ಯಾರೆ ತರಸಲಿಲ್ಲ."

ಕೂತು, ತಲೆಯ ಮೇಲೆ ಸೆರಗೆಳೆದುಕೊಂಡು
ಎರಡೂ ಕೈಯಲ್ಲಿ ಹಿಡಿದು ಕುಡಿದಳು.
ಎಂಬತ್ತೊಂದು ವರ್ಷ. ಸಕ್ಕರೆ ಕಾಯಿಲೆ. ಎಡ ಶ್ವಾಸಕೋಶ ಅಷ್ಟಕ್ಕಷ್ಟೆ.
ತಡೆಯಬೇಕಿತ್ತು. ತಡೆಯಲಿಲ್ಲ.
ಅರ್ಧಕ್ಕೆ ನಿಲ್ಲಿಸಿ, ಸೆರಗಿನಿಂದ ಅಂಚು ಒರೆಸಿ,
ಬಟ್ಟಲನ್ನು ಒಂದು ಬೆರಳು ತಿರುಗಿಸಿ
ನನ್ನ ಕಡೆ ಚಾಚಿದಳು.

ಮಾಸ್ಕು ಇನ್ನೂ ನನ್ನ ಮುಖದ ಮೇಲಿತ್ತು.